ಬೆಳಕಿಗಿಂತ ಮೊದಲು ಕತ್ತಲೆ ಕೊಳ್ಳಿ

ಈ ನವರಾತ್ರಿಗೆ ಗೊಂಬೆ ಮೆಟ್ಟಿಲ ಪಕ್ಕದಲ್ಲಿ ಗಾಳಿಯಲ್ಲಿ ತೇಲುವ ಚಾಮುಂಡಿಯನ್ನು ನಿಲ್ಲಿಸುವ ಆಸೆ ನಿಮಗಿದ್ದರೆ ಬೇಕಾದ ಸಾಮಾನು ಮೂರೇ: ಒಂದು ಟ್ಯಾಬ್, ಒಂದು ಗಾಜು, ಒಂದು ಪೆಟ್ಟಿಗೆ. ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಟ್ಯಾಬಿನ ಚಿತ್ರ ಅದರಲ್ಲಿ ಪ್ರತಿಫಲಿಸಿ, ಗಾಜಿನ ಹಿಂದೆಲ್ಲೋ ನಿಂತಂತೆ ಕಾಣುತ್ತದೆ. 1862ರ ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಜನರಿಗೆ ದೆವ್ವ ತೋರಿಸಿದ್ದು ಈ ಉಪಾಯದಿಂದಲೇ. ಉಪಾಯದ ಮೂಲ ಹೆನ್ರಿ ಡರ್ಕ್ಸ್‌ನದು, ಹೆಸರು ಮಾತ್ರ ಪೆಪ್ಪರನಿಗೆ ಹೋಯಿತು.

ಆದರೆ ಪೆಪ್ಪರನ ದೆವ್ವ ಬಂದದ್ದು ಕತ್ತಲ ರಂಗಮಂದಿರಕ್ಕೆ. ನಮ್ಮ ಚಾಮುಂಡಿ ಬರಬೇಕಾದದ್ದು ಭದ್ರಾವತಿಯ ಓಲ್ಡ್ ಟೌನ್‌ನ ಹಾಲ್‌ಗೆ. ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ದೀಪ ಆರಿಸುವಂತಿಲ್ಲ. ಮಧ್ಯಾಹ್ನವಾದರೆ ಕಿಟಕಿ ಮುಚ್ಚುವಂತೆಯೂ ಇಲ್ಲ. ಇಂಥ ಕೋಣೆಯಲ್ಲಿ ಚಿತ್ರ ಕಾಣುತ್ತದೋ ಇಲ್ಲವೋ ಎಂಬುದನ್ನು ಪೆಟ್ಟಿಗೆ ಕಟ್ಟುವ ಮೊದಲೇ ಲೆಕ್ಕ ಹಾಕಿ ತಿಳಿಯಬಹುದು.

ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಿರುಗಿಸುತ್ತದೆ. 45 ಡಿಗ್ರಿ ಓರೆಯಲ್ಲಿ ಎರಡೂ ಮೈ ಸೇರಿ ಶೇ 9ರಷ್ಟು. ಲೆಕ್ಕದ ಅನುಕೂಲಕ್ಕೆ ಹತ್ತು ಎನ್ನೋಣ. ಟ್ಯಾಬಿನ ಹೊಳಪು 400 ನಿಟ್ ಇದ್ದರೆ ಕಣ್ಣಿಗೆ ಬರುವುದು 40 ನಿಟ್.

ಇನ್ನು ಗಾಜಿನ ಹಿಂದಿನ ಗೋಡೆ. ಅದರ ಮೇಲೆ ಬೀಳುವ ಬೆಳಕನ್ನು ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಾಗಿ ಹೇಳುತ್ತದೆ. ಆ ಲಕ್ಸನ್ನು ಗೋಡೆ ಹಿಂದಿರುಗಿಸುವ ಪಾಲಿನಿಂದ ಗುಣಿಸಿ 3.14ರಿಂದ ಭಾಗಿಸಿದರೆ ಗೋಡೆಯ ಹೊಳಪು ನಿಟ್‌ನಲ್ಲಿ ಸಿಗುತ್ತದೆ. ಕಿಟಕಿ ಪಕ್ಕದ ಕೆನೆಬಣ್ಣದ ಗೋಡೆಗೆ ಹಗಲಲ್ಲಿ 1000 ಲಕ್ಸ್ ಬಿದ್ದು, ಅದು ನೂರಕ್ಕೆ 70 ಹಿಂದಿರುಗಿಸಿದರೆ 223 ನಿಟ್. ಗಾಜು ತೂರಿ ಬರುವಾಗ ಹತ್ತಿರಹತ್ತಿರ 200.

ಈಗ ಚಿತ್ರದ ಬೆಳಕು, ಹಿಂದಿನ ಬೆಳಕು ಎರಡನ್ನೂ ಕೂಡಿಸಿ, ಹಿಂದಿನ ಬೆಳಕಿನಿಂದಲೇ ಭಾಗಿಸಿ. 240ನ್ನು 200ರಿಂದ ಭಾಗಿಸಿದರೆ 1.2. ಉತ್ತರ 1 ಬಂದರೆ ಏನೂ ಕಾಣದು ಎಂದರ್ಥ. ಯುದ್ಧವಿಮಾನದ ಹೆಡ್-ಅಪ್ ಡಿಸ್‌ಪ್ಲೇಯಲ್ಲಿ ಬಿಸಿಲುಂಡ ಮೋಡದೆದುರು ಹಸಿರು ಗೆರೆಗೆ ಸಾಮಾನ್ಯವಾಗಿ ಕೇಳುವ ಕನಿಷ್ಠ ಪ್ರಮಾಣವೂ ಸುಮಾರು 1.2. ಗೆರೆ, ಅಂಕಿಗಳಿಗೆ ಅಷ್ಟು ಸಾಕು. ದೇವಿಯ ಮುಖಕ್ಕೆ, ಸೀರೆಯಂಚಿಗೆ ಸಾಲದು. ಹಗಲಲ್ಲಿ ಹಚ್ಚಿಟ್ಟ ಹಣತೆಯಂತೆ ಇದ್ದೂ ಇಲ್ಲದಂತಿರುತ್ತದೆ.

ಇಲ್ಲಿಗೆ ಬಂದಾಗ ಹೆಚ್ಚಿನವರು ಇನ್ನೂ ಪ್ರಖರವಾದ ಪರದೆ ಹುಡುಕುತ್ತಾರೆ. ಹೊಳಪನ್ನು ದುಪ್ಪಟ್ಟು ಮಾಡಿ 800 ನಿಟ್‌ಗೆ ಏರಿಸಿದರೂ ಉತ್ತರ 1.4 ಅಷ್ಟೇ. ಅರ್ಧ ಬೆಳಕು ಹಿಂದಿರುಗಿಸುವ ಅರೆಕನ್ನಡಿ ತಂದರೆ 2.8. ಅದರ ಬದಲು ಸಾದಾ ಗಾಜು, ಅದೇ ಟ್ಯಾಬ್ ಉಳಿಸಿಕೊಂಡು ಹಿಂದೆ ನೂರಕ್ಕೆ ನಾಲ್ಕೇ ಪಾಲು ಬೆಳಕು ಹಿಂದಿರುಗಿಸುವ ಕಪ್ಪು ಬಟ್ಟೆ ಇಳಿಬಿಡಿ: ಉತ್ತರ ನಾಲ್ಕೂವರೆ! ಪೆಟ್ಟಿಗೆಗೆ ಮುಚ್ಚಳ, ಪಕ್ಕಗಳನ್ನು ಹಾಕಿ ಬಟ್ಟೆಯ ಮೇಲೆ ಬೀಳುವ ಬೆಳಕನ್ನು 200 ಲಕ್ಸ್‌ಗೆ ಇಳಿಸಿದರೆ ಅದು 18ರ ಹತ್ತಿರ ಹೋಗುತ್ತದೆ. ಭಾಗಿಸುವ ಸಂಖ್ಯೆಯನ್ನು ಕಿರಿದು ಮಾಡುವುದರಲ್ಲಿರುವ ಲಾಭ ಮೇಲಿನದನ್ನು ಹಿಗ್ಗಿಸುವುದರಲ್ಲಿಲ್ಲ.

ನ್ಯೂಸ್ ಚಾನೆಲ್ ಸ್ಟುಡಿಯೊದಲ್ಲಿ ಕಣ್ಣು ಕೋರೈಸುವ ದೀಪಗಳ ನಡುವೆ ವಾರ್ತೆ ಓದುವವರಿಗೆ ಟೆಲಿಪ್ರಾಂಪ್ಟರಿನ ಅಕ್ಷರ ಸ್ಪಷ್ಟವಾಗಿ ಕಾಣುವುದೂ ಹೀಗೇ. ಗಾಜಿನ ಹಿಂದೆ ಕ್ಯಾಮೆರಾ ಕಪ್ಪು ಮುಸುಕಿನೊಳಗೆ ಕೂತಿರುತ್ತದೆ. ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ಗುಡಿಯಂಥ ಹೊಯ್ಸಳ ಗುಡಿಗಳಲ್ಲಿ ತಿರುಗಣಿಗೆ ಹಾಕಿ ಕಡೆದ ಕಂಬಗಳಿರುತ್ತವೆ. ನುಣುಪು ಉಳಿದ ಕಡೆ ಬಾಗಿಲ ಬೆಳಕು ಅವುಗಳ ಮೈಮೇಲೆ ಗೆರೆಯಾಗಿ ಹೊಳೆಯುತ್ತದೆ. ಆ ಕಲ್ಲಿನ ಹೊಳಪು ಗಾಜಿನ ಒಂದು ಮೈಗಿಂತ ಬಹಳ ಹೆಚ್ಚಿನದೇನಲ್ಲ. ಕಲ್ಲು ಕಪ್ಪು, ನವರಂಗ ಮಬ್ಬು. ಹಾಗಾಗಿ ಅಷ್ಟೇ ಸಾಕಾಗುತ್ತದೆ.

ಕಟ್ಟುವಾಗ ಗಮನಿಸಬೇಕಾದ ಕೆಲವು ಸೂಕ್ಷ್ಮಗಳಿವೆ. ಟ್ಯಾಬನ್ನು ಕೆಳಗೆ ಮಲಗಿಸಬೇಡಿ. ಚಾವಣಿಯ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದು ಚಿತ್ರದ ಕಪ್ಪೆಲ್ಲ ಬೂದಿಯಾಗುತ್ತದೆ. ಮೇಲೆ, ಮುಖ ಕೆಳಗಾಗಿ ಕೂರಿಸಿ. ಗಾಜು ತೆಳ್ಳಗಿರಲಿ. ಎರಡು ಮೈಗಳಿಂದ ಎರಡು ಚಿತ್ರ ಹುಟ್ಟುತ್ತವೆ. 5 ಎಂಎಂ ಗಾಜಿನಲ್ಲಿ ಅವುಗಳ ನಡುವೆ ಸುಮಾರು 3.8 ಎಂಎಂ ಅಂತರವಿದ್ದು ದೇವಿಗೆ ಜೋಡಿ ಮೂಗುತಿ ಬರುತ್ತದೆ. ಫೋಟೊಗೆ ಕಟ್ಟು ಹಾಕುವ ಅಂಗಡಿಯ 2 ಎಂಎಂ ಗಾಜಾದರೆ ಅಂತರ ಒಂದೂವರೆ ಎಂಎಂ.

ಎಲ್‌ಸಿಡಿ ಪರದೆಯ ಬೆಳಕು ಒಂದೇ ದಿಕ್ಕಿಗೆ ಕಂಪಿಸುತ್ತದೆ. ಆ ದಿಕ್ಕು ಗಾಜಿಗೆ ಒಗ್ಗಿದರೆ ಪ್ರತಿಫಲನ ಶೇ 17ರವರೆಗೆ ಏರುತ್ತದೆ, ಒಗ್ಗದಿದ್ದರೆ ಶೇ 2ಕ್ಕೂ ಕೆಳಗಿಳಿಯುತ್ತದೆ. ಟ್ಯಾಬನ್ನು ಕಾಲು ಸುತ್ತು ತಿರುಗಿಸಿ ನೋಡಿ. ಚಿತ್ರ ಬೆಳಗಿದ ಕಡೆ ನಿಲ್ಲಿಸಿ, ವಿಡಿಯೊವನ್ನು ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳಿ. ಕೆಲವು ಪರದೆಗಳಲ್ಲಿ ಈ ದಿಕ್ಕು ಮೂಲೆಯಿಂದ ಮೂಲೆಗಿರುತ್ತದೆ. ಅಂಥವನ್ನು ತಿರುಗಿಸಿ ಪ್ರಯೋಜನವಿಲ್ಲ.

ಹಾಗೆಂದು 18ನ್ನೇ ಗುರಿ ಮಾಡಿಕೊಳ್ಳಬೇಡಿ. ಅಷ್ಟು ಗಟ್ಟಿಯಾದರೆ ಅದು ಪೆಟ್ಟಿಗೆಯೊಳಗಿನ ಟಿವಿ. ನನ್ನ ರುಚಿಗೆ ಮೂರರಿಂದ ಆರರವರೆಗೆ ಹದ: ಆಕೃತಿ ಸ್ಪಷ್ಟವಾಗಿರುತ್ತದೆ, ಅದರ ಮೂಲಕ ಹಿಂದಿನದೂ ಒಂದಿಷ್ಟು ತೋರುತ್ತದೆ. ಪರದೆ ಗಾಜಿಗೆ ಎಷ್ಟು ದೂರವೋ ಚಿತ್ರವೂ ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ಪಟ್ಟದ ಗೊಂಬೆಯನ್ನು ಅದೇ ದೂರದಲ್ಲಿ, ಚಿತ್ರದ ಪಕ್ಕಕ್ಕೆ ಇಟ್ಟು ಅದಕ್ಕೊಂದು ಪುಟ್ಟ ಬಲ್ಬು ಕೊಡಿ. ಆಗ ಮರದ ರಾಜ, ಬೆಳಕಿನ ದೇವಿ ಒಂದೇ ಜಗಲಿಯಲ್ಲಿ ನಿಂತಂತಿರುತ್ತಾರೆ.

ಖರ್ಚಿನ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಕಪ್ಪು ಬಟ್ಟೆ, ಆಮೇಲೆ ಮುಚ್ಚಳ, ಆಮೇಲೆ ತೆಳು ಗಾಜು. ಇವಿಷ್ಟು ಮಾಡಿ ಅಳೆದ ಮೇಲೂ ಉತ್ತರ ಮೂರು ಮುಟ್ಟದಿದ್ದರೆ ಹೊಸ ಟ್ಯಾಬಿನ ಮಾತಾಡೋಣ.