ಎರಡು ಕಣ್ಣು, ಹನ್ನೆರಡು ಕೈ ಮತ್ತು ನಮ್ಮ ಓಣಿ

ವಿ. ಶಾಂತಾರಾಮ್ ನಿರ್ದೇಶನದ ‘ದೋ ಆಂಖೇಂ ಬಾರಹ್ ಹಾಥ್’ ತೆರೆ ಕಂಡದ್ದು 1957ರಲ್ಲಿ. ಅದರ ಪ್ರಾರ್ಥನಾ ಗೀತೆ ಇಂದಿಗೂ ಶಾಲೆಗಳಲ್ಲಿ ಕೇಳಿಬರುತ್ತದೆ. ಆದರೆ ಚಿತ್ರ ಎತ್ತಿದ ಪ್ರಶ್ನೆಯನ್ನು ನಾವು ಮರೆತಿದ್ದೇವೆ. ಕೊಲೆ ಮಾಡಿ ಜೈಲು ಸೇರಿದವನನ್ನು ನಂಬಿ ಹೊರಗೆ ಬಿಡಬಹುದೇ?

ಜೈಲರ್ ಆದಿನಾಥ ಅಂಥ ಆರು ಮಂದಿಯನ್ನು ತನ್ನ ಹೊಣೆಯ ಮೇಲೆ ಹೊರತಂದು ಬಂಜರು ನೆಲದಲ್ಲಿ ದುಡಿಸುತ್ತಾನೆ. ಈ ಕಥೆಯ ಹಿಂದೆ ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಬಯಲು ಕಾರಾಗೃಹದ ಪ್ರಯೋಗವಿದೆ. ಅಲ್ಲಿ ಬೇಡಿಯಿಲ್ಲ. ಓಡಿಹೋಗಲು ಮನಸ್ಸಾದಾಗ ಜೈಲರನ ಕಣ್ಣುಗಳ ನೆನಪೇ ಅವರನ್ನು ಹಿಂದಕ್ಕೆ ಕರೆತರುತ್ತದೆ. ನಂಬಿಕೆಗೂ ಕಾಯುವ ಶಕ್ತಿಯಿದೆ ಎಂಬುದನ್ನು ಉಪದೇಶವಿಲ್ಲದೆ ತೋರಿಸಿದ್ದು ಚಿತ್ರದ ಹಿರಿಮೆ.

ಕೊರತೆಯೂ ಅಲ್ಲೇ ಇದೆ. ಆ ಆರು ಮಂದಿಯ ಕೈಯಲ್ಲಿ ಸತ್ತವರ ಮನೆಯವರು ತೆರೆಯ ಮೇಲೆ ಮುಖ್ಯರಾಗುವುದೇ ಇಲ್ಲ. ಊರಾಚೆಯ ಹೊಲದಲ್ಲಿ ಕೈದಿಯನ್ನು ತಿದ್ದುವುದು ಸುಲಭ. ಭಾಲ್ಕಿಯ ಒಂದು ಓಣಿಯನ್ನು ಊಹಿಸಿಕೊಳ್ಳಿ. ಕಲಬುರಗಿ ಜೈಲಿನಿಂದ ಪೆರೋಲ್ ಮೇಲೆ ಬಂದವನು ಬಸ್ಸಿಳಿದು ನಡೆಯುವ ದಾರಿಯಲ್ಲೇ, ಗಂಡನನ್ನು ಕಳೆದುಕೊಂಡವಳ ಬಾಗಿಲೂ ಇದೆ. ಒಳಗೆ ಆಕೆಯ ಎದೆ ನಡುಗುತ್ತದೆ. ನಾಲ್ಕು ಮನೆಯಾಚೆ ಇನ್ನೊಬ್ಬ ತಾಯಿ ಮಗನಿಗಾಗಿ ರೊಟ್ಟಿ ಬಡಿಯುತ್ತಿದ್ದಾಳೆ. ಇಬ್ಬರಲ್ಲಿ ಯಾರ ನೋವನ್ನು ಸುಳ್ಳೆನ್ನೋಣ?

2017ರಲ್ಲಿ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿ ಹೇಳಿತು. ಶಿಕ್ಷೆಗೊಳಗಾದವನೂ ಕೆಲಕಾಲ ಹೊರಗಿನ ಗಾಳಿ ಉಸಿರಾಡಬೇಕು, ಕುಟುಂಬದ ನಂಟು ಉಳಿಯಬೇಕು. ಸಮಾಜಕ್ಕೆ ಅಪಾಯವಾಗಬಲ್ಲವರನ್ನು ಬಿಡಬಾರದು. 2023ರಲ್ಲಿ ಕರ್ನಾಟಕ ಹೈಕೋರ್ಟ್ ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಮದುವೆಯಾಗಲು 15 ದಿನಗಳ ಪೆರೋಲ್ ನೀಡಿತು.

ಆದರೆ ಈ ತಕ್ಕಡಿ ಎಲ್ಲರಿಗೂ ಒಂದೇ ಆಗಿಲ್ಲ. ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳಲ್ಲಿ ಹೆಚ್ಚಿನವರು ಪೆರೋಲ್, ಫರ್ಲೋಗಳ ಮೇಲೆ ಸಾವಿರಕ್ಕೂ ಹೆಚ್ಚು ದಿನ ಹೊರಗಿದ್ದವರು. 2022ರ ಆಗಸ್ಟ್ 15ರಂದು ಗುಜರಾತ್ ಸರಕಾರ ಶಿಕ್ಷೆ ಕಡಿತಗೊಳಿಸಿ ಅವರನ್ನು ಬಿಟ್ಟೇಬಿಟ್ಟಿತು. ತನ್ನ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲಿಲ್ಲವೆಂದು ಬಿಲ್ಕಿಸ್ ನೊಂದು ನುಡಿದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಗೊಳಿಸಿತು. ಇಂಥ ಬಿಡುಗಡೆಗಳು ಜನರಲ್ಲಿ ಹುಟ್ಟಿಸುವ ಸಿಟ್ಟಿಗೆ ಕೊನೆಗೆ ಬಲಿಯಾಗುವವನು ಬಡ ಕೈದಿ. ಅವನಿಗೆ ಜಾಮೀನು ನಿಲ್ಲುವವರಿಲ್ಲ. ‘ಶಾಂತಿಭಂಗವಾದೀತು’ ಎಂಬ ಠಾಣೆಯ ಒಂದು ಸಾಲಿನ ವರದಿ ಸಾಕು, ತಾಯಿಯ ಮಣ್ಣಿಗೂ ಅವನು ಬರಲಾರ.

2023ರಲ್ಲಿ ಕೇಂದ್ರ ರೂಪಿಸಿದ ಮಾದರಿ ಕಾಯ್ದೆ, ಕೈದಿ ಒಪ್ಪಿದರೆ ವಿದ್ಯುನ್ಮಾನ ನಿಗಾ ಸಾಧನ ತೊಡಿಸಿ ರಜೆಯ ಮೇಲೆ ಕಳಿಸಬಹುದೆನ್ನುತ್ತದೆ. ಅದು ಮೂರನೆಯ ಕಣ್ಣು. ಆತ ಎಲ್ಲಿದ್ದಾನೆಂದು ಅದು ಹೇಳೀತು, ಏನಾಗುತ್ತಿದ್ದಾನೆಂದು ಹೇಳದು.

ಆದಿನಾಥ ಕೊನೆಗೆ ಸಾಯುತ್ತಾನೆ. ಒಬ್ಬ ಒಳ್ಳೆಯ ಮನುಷ್ಯನ ಕಣ್ಣುಗಳ ಮೇಲೆ ನಿಂತ ವ್ಯವಸ್ಥೆ ಅವನೊಂದಿಗೇ ಮುಗಿಯುವ ಭಯವಿದೆ. ಬಿಡುವ ಮುನ್ನ ನೊಂದವರಿಗೆ ತಿಳಿಸುವ, ಅವರ ಮಾತು ಕೇಳುವ, ನಿರಾಕರಿಸಿದರೆ ಕಾರಣ ಬರೆದುಕೊಡುವ, ಬಡವನಿಗೂ ಬಲಿಷ್ಠನಿಗೂ ಒಂದೇ ಆಗಿರುವ ನಿಯಮ ನಮಗೆ ಬೇಕು. ಹೊರಬಂದವನಿಗೆ ಕೂಲಿ ಕೊಡುವ ಧೈರ್ಯ ಊರಿಗೂ ಬೇಕು. ಅವನು ಇಂದಲ್ಲ ನಾಳೆ ಶಿಕ್ಷೆ ಮುಗಿಸಿ ಬರುವುದು ಇದೇ ಓಣಿಗೆ ತಾನೇ?