ಕಡವೆಗೆ ಯಾವ ಪಿಸ್ತೂಲು?

ಅಮೆರಿಕದಿಂದ ರಜೆಗೆ ನಮ್ಮ ಕಡಲತೀರದ ಹಾರವಾಡಕ್ಕೆ ಬಂದ ಹುಡುಗನೊಬ್ಬ ಕೇಳಿದ: 'ಮಾವ, ಕಡವೆ ಹೊಡೀಲಿಕ್ಕೆ ಗುರಿ ತಪ್ಪದ ಪಿಸ್ತೂಲು ಯಾವ್ದು?' ಅಲ್ಲಿ ಅವನ ಗೆಳೆಯರು .44 ಮ್ಯಾಗ್ನಮ್ ರಿವಾಲ್ವರ್ ಹಿಡಿದು ಕಾಡು ಹೊಗುತ್ತಾರಂತೆ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಡವೆಗೆ ಗುರಿಯಿಟ್ಟವನ ದಾರಿ ಜೈಲಿಗೇ ಎಂದೆ. ಆದರೂ 'ಗುರಿ ತಪ್ಪದ' ಅಂದನಲ್ಲ, ಆ ಮಾತು ವಾರವಿಡೀ ಕಾಡಿತು.

ನಮ್ಮ ಕಡೆ ಕೋವಿಯೆಂದರೆ ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಚುನಾವಣೆ ಬಂತೆಂದರೆ ಅದೂ ಠಾಣೆ ಸೇರುತ್ತದೆ. ಚರೆ ಹರಡಿ ಹಾರುವುದರಿಂದ ಕೋವಿ ಕೈಯ ತಪ್ಪನ್ನು ಒಂದಿಷ್ಟು ಮುಚ್ಚಿಕೊಳ್ಳುತ್ತದೆ. ಪಿಸ್ತೂಲು ಏನನ್ನೂ ಮುಚ್ಚುವುದಿಲ್ಲ. ಗುರಿ ನೋಡುವ ಅದರ ಹಿಂದಿನ ಸೈಟಿಗೂ ಮುಂದಿನದಕ್ಕೂ ನಡುವೆ ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಅಂತರವಿದೆ ಅನ್ನಿ. ಮುಂದಿನದು ಒಂದೇ ಮಿಲಿಮೀಟರ್ ಸರಿದರೂ 40 ಮೀಟರ್ ಆಚೆ ಗುಂಡು 20 ಸೆಂಟಿಮೀಟರ್ ಸರಿಯುತ್ತದೆ. ಎದೆಗೆ ಬೀಳಬೇಕಾದ್ದು ಹೊಟ್ಟೆಗೆ. ಪ್ರಾಣಿ ಸಾಯದೆ ಓಡುತ್ತದೆ. ಕಾಯ್ದೆಯ ಮಾತು ಬಿಡಿ, ನನಗೆ ಕೈಬಂದೂಕಿನ ಬೇಟೆ ಒಗ್ಗದ್ದು ಈ ಲೆಕ್ಕದಿಂದಲೇ.

ಅವನಿಗೆ ನಾನು ಹೇಳಿದ್ದು ಹತ್ತು ಮೀಟರಿನ ಗಾಳಿ ಪಿಸ್ತೂಲು. .177 ಬೋರು, 20 ಜೌಲ್ ಮೀರದಿದ್ದರೆ ಲೈಸೆನ್ಸೂ ಬೇಡ. ಗುರಿಹಲಗೆಯ ಹತ್ತರ ವೃತ್ತಕ್ಕೆ 11.5 ಮಿಲಿಮೀಟರ್ ಅಗಲ, ಬಟಾಣಿಗಿಂತ ತುಸು ದೊಡ್ಡದು. ಕೊಳ್ಳುವಾಗ ನಳಿಗೆಯ ಹೊಳಪು ನೋಡಿ ಮರುಳಾಗಬೇಡಿ, ಟ್ರಿಗರ್ ನೋಡಿ. ಸ್ಪರ್ಧೆಯ ನಿಯಮದಂತೆ ಅದಕ್ಕೆ ಕನಿಷ್ಠ 500 ಗ್ರಾಂ ಬಿಗುವಿರಬೇಕು. ಪಿಸ್ತೂಲನ್ನು ನೆಟ್ಟಗೆ ಹಿಡಿದು ಟ್ರಿಗರಿಗೆ ಅರ್ಧ ಕಿಲೋ ತೂಕ ನೇತುಹಾಕಿ ಮೇಲೆತ್ತಿದರೆ ಬಿಟ್ಟುಕೊಳ್ಳಬಾರದು. ಕೊನೆಯ ಎಳೆತದಲ್ಲಿ ಕಿರಕಿರ ಅನ್ನದೆ, ಒಣಗಿದ ಕಡ್ಡಿ ಮುರಿದ ಹಾಗೆ ಚಟ್ಟೆಂದು ಬಿಡಬೇಕು.

ಆಮೇಲೆ ಹಿಡಿ. ನನ್ನದರ ಮರದ ಹಿಡಿಯನ್ನು ಮರಳುಕಾಗದದಿಂದ ಎರಡು ಮಳೆಗಾಲ ಉಜ್ಜಿದ್ದೇನೆ, ಹೆಬ್ಬೆರಳ ಬುಡದಲ್ಲಿ ಇನ್ನೂ ಒತ್ತುತ್ತದೆ. ಉಪ್ಪುಗಾಳಿಯದು ಬೇರೆಯೇ ಕಾಟ. ಒಂದು ರಾತ್ರಿ ಎಣ್ಣೆಬಟ್ಟೆ ಸುತ್ತದೆ ಮಲಗಿದ್ದೆ. ಬೆಳಿಗ್ಗೆ ಹಿಂದಿನ ಸೈಟಿನ ತಿರುಪಿನ ಮೇಲೆ ಕೆಂಪು ಚುಕ್ಕೆ. ಹುಡುಗ ಅದನ್ನೇ ಉಗುರಿನಿಂದ ಕೆರೆದು ನೋಡಿದ, ನಂತರ ಐದು ಗುಂಡು ಹಾರಿಸಿದ. ಹಲಗೆಗೆ ತಾಗಿದ್ದು ಎರಡು.