ಟ್ಯೂಬನ್ನು ಕೊನೆಗೆ ಅನುಮಾನಿಸಿ

ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ 5061ಎ ಸೀಸಿಯಂ ಗಡಿಯಾರದ ಮುಖದ ಮೇಲೆ ಒಂದು ಚಿಕ್ಕ ಮೀಟರು, ಅದರ ಹತ್ತಿರ ಒಂದು ತಿರುಗುಗುಂಡಿ ಇರುತ್ತದೆ. ಗುಂಡಿಯನ್ನು ಬೀಮ್ ಕರೆಂಟಿಗೆ ತಿರುಗಿಸಿದಾಗ ಮುಳ್ಳು ಮೇಲೇಳದಿದ್ದರೆ, ಹರಾಜಿನಲ್ಲೋ ಗುಜರಿಯಲ್ಲೋ ಅದನ್ನು ಕೊಂಡು ಮನೆಗೆ ತಂದ ಹವ್ಯಾಸಿ ಸಾಮಾನ್ಯವಾಗಿ ಒಂದೇ ತೀರ್ಪಿಗೆ ಬರುತ್ತಾನೆ: ಟ್ಯೂಬ್ ಸತ್ತಿದೆ. 1971ರ ಅಕ್ಟೋಬರಿನಲ್ಲಿ ಹಾಫೆಲ್ ಮತ್ತು ಕೀಟಿಂಗ್ ಪ್ರಯಾಣಿಕರ ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದು ಸಾಪೇಕ್ಷತಾ ಸಿದ್ಧಾಂತವನ್ನು ಪರೀಕ್ಷಿಸಿದ ನಾಲ್ಕು ಗಡಿಯಾರಗಳು ಇದೇ ಮಾದರಿಯವು. ಅಂಥ ಯಂತ್ರವೊಂದು ಆ ಒಂದು ತೀರ್ಪಿನಿಂದ ಬಿಡಿಭಾಗಗಳ ರಾಶಿಯಾಗಿ ಹೋಗುತ್ತದೆ. ಆ ತೀರ್ಪು ಅವಸರದ್ದು ಎಂಬುದು ನನ್ನ ವಾದ. ಸೀಸಿಯಂ ಗಡಿಯಾರದ ದೋಷ ಹುಡುಕುವಾಗ ಟ್ಯೂಬನ್ನು ಕೊನೆಗೆ ಅನುಮಾನಿಸಬೇಕು. ಇಡೀ ಪೆಟ್ಟಿಗೆಯಲ್ಲಿ ಮನೆಯಲ್ಲಿ ದುರಸ್ತಿ ಮಾಡಲಾಗದ ಭಾಗ ಅದೊಂದೇ. ಸುತ್ತಲಿನ ಹತ್ತಾರು ಭಾಗಗಳಲ್ಲಿ ಯಾವುದು ಕೈಕೊಟ್ಟರೂ ಮೀಟರಿನಲ್ಲಿ ಕಾಣುವುದು ಟ್ಯೂಬ್ ಸತ್ತಾಗಿನ ಲಕ್ಷಣವೇ.

ಟ್ಯೂಬಿನೊಳಗೆ ನಡೆಯುವ ಕೆಲಸ ನೋಡಿದರೆ ಇದು ಏಕೆಂದು ತಿಳಿಯುತ್ತದೆ. ಪುಟ್ಟ ಒಲೆಯೊಂದು ಕೆಲವೇ ಗ್ರಾಂ ಸೀಸಿಯಂ ಲೋಹವನ್ನು ಬಿಸಿ ಮಾಡುತ್ತದೆ. ಹೊರಬಿದ್ದ ಪರಮಾಣುಗಳು ನಿರ್ವಾತದಲ್ಲಿ ಎಳೆಯಾಗಿ ಸಾಗುತ್ತವೆ. ಕಾಂತವೊಂದು ಅವುಗಳಲ್ಲಿ ಒಂದು ಸ್ಥಿತಿಯವನ್ನು ಮಾತ್ರ ಆಯ್ದು ಮುಂದಕ್ಕೆ ಬಿಡುತ್ತದೆ. ದಾರಿಯಲ್ಲಿ ಮೈಕ್ರೋವೇವ್ ಕುಹರವನ್ನು ಹಾಯುವಾಗ, ಆವರ್ತನ ಸರಿಯಾಗಿ 9,19,26,31,770 ಹರ್ಟ್ಸ್‌ನಲ್ಲಿದ್ದರೆ ಪರಮಾಣುಗಳ ಸ್ಥಿತಿ ಬದಲಾಗುತ್ತದೆ. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಆಗಿರುವ ಸಂಖ್ಯೆ ಅದು. ಹಾಗೆ ಬದಲಾದವನ್ನು ಎರಡನೆಯ ಕಾಂತ ಕಾದ ತಂತಿಯತ್ತ ಬಾಗಿಸುತ್ತದೆ. ತಂತಿ ಅವನ್ನು ಅಯಾನುಗಳನ್ನಾಗಿ ಮಾಡುತ್ತದೆ, ಎಲೆಕ್ಟ್ರಾನ್ ಮಲ್ಟಿಪ್ಲಯರ್ ಆ ಕ್ಷೀಣ ಪ್ರವಾಹವನ್ನು ಹಿಗ್ಗಿಸುತ್ತದೆ. ಮುಳ್ಳು ತೋರಿಸುವುದು ಇಷ್ಟೆಲ್ಲ ದಾಟಿ ಬಂದ ಫಲವನ್ನು. ಒಲೆಯ ತಾಪ ನಿಯಂತ್ರಕ ಕೆಟ್ಟಿರಬಹುದು, ತಂತಿಗೆ ಪ್ರವಾಹ ಸಾಲದಿರಬಹುದು, ಮಲ್ಟಿಪ್ಲಯರಿನ ಹೈವೋಲ್ಟೇಜ್ ಇಳಿದಿರಬಹುದು, ಮೈಕ್ರೋವೇವ್ ಕುಹರಕ್ಕೆ ತಲುಪದೇ ಇರಬಹುದು. ಎಲ್ಲ ಸಂದರ್ಭದಲ್ಲೂ ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ಹುಡುಕಾಟದ ಮೊದಲ ಮೆಟ್ಟಿಲು ನಿರ್ವಾತ. ವರ್ಷಗಟ್ಟಲೆ ಬಳಸದೆ ಇಟ್ಟ ಟ್ಯೂಬಿನಲ್ಲಿ ಅನಿಲ ಸೇರಿರುತ್ತದೆ. ಅದಕ್ಕೆ ಜೋಡಿಸಿದ ಅಯಾನ್ ಪಂಪ್ ಸುಮಾರು 3,500 ವೋಲ್ಟಿನಲ್ಲಿ ಆ ಅನಿಲವನ್ನು ಹಿಡಿದಿಡುತ್ತದೆ. ಅನುಕೂಲವೆಂದರೆ ಪಂಪಿನ ಪ್ರವಾಹವೇ ನಿರ್ವಾತದ ಮಾಪಕ: ಅನಿಲ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಆದ್ದರಿಂದ ಒಲೆಯನ್ನು ಹಚ್ಚುವ ಮೊದಲು ಪಂಪನ್ನು ಮಾತ್ರ, ಪ್ರವಾಹಕ್ಕೆ ಮಿತಿಯಿಟ್ಟು, ನಡೆಸಬೇಕು. ಮುಳ್ಳು ಗಂಟೆಗಳಲ್ಲೋ ದಿನಗಳಲ್ಲೋ ನಿಧಾನಕ್ಕೆ ಇಳಿಯುವುದನ್ನು ಕಾಯಬೇಕು. ಇಲ್ಲಿ ತಾಳ್ಮೆಗೆಟ್ಟು ಒಲೆ, ತಂತಿ, ಮಲ್ಟಿಪ್ಲಯರ್ ಎಲ್ಲಕ್ಕೂ ಒಮ್ಮೆಲೇ ವಿದ್ಯುತ್ ಕೊಟ್ಟರೆ ಬದುಕಿದ್ದ ಟ್ಯೂಬೂ ಹಾಳಾಗಬಹುದು. ಇದರ ಬಳಿಕ ವಿದ್ಯುತ್ ಪೂರೈಕೆ. ಮೂವತ್ತು ನಲವತ್ತು ವರ್ಷದ ಕೆಪಾಸಿಟರುಗಳನ್ನು ನಂಬುವಂತಿಲ್ಲ. ಪ್ರತಿ ವೋಲ್ಟೇಜನ್ನೂ ಅದರ ಏರಿಳಿತವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು.

ನಿಜವಾದ ಪತ್ತೇದಾರಿಕೆ ಇರುವುದು ಸ್ಫಟಿಕದಲ್ಲಿ. ಈ ಯಂತ್ರದಲ್ಲಿ ಪರಮಾಣು ತಾನಾಗಿ ಮಿಡಿಯುವುದಿಲ್ಲ. 5 ಮೆಗಾಹರ್ಟ್ಸ್‌ನ ಕ್ವಾರ್ಟ್ಜ್ ಸ್ಫಟಿಕ ಮಿಡಿಯುತ್ತದೆ, ಪರಮಾಣು ಅದನ್ನು ತಿದ್ದುತ್ತದೆ. 5 ಮೆಗಾಹರ್ಟ್ಸನ್ನು ಹದಿನೆಂಟು ಪಟ್ಟು ಮಾಡಿ 90 ಮೆಗಾಹರ್ಟ್ಸ್, ಅದರ 102ನೇ ಗುಣಕವಾಗಿ 9,180. ಅದಕ್ಕೆ ಸಿಂಥೆಸೈಸರ್ ಕೊಡುವ 12.63 ಮೆಗಾಹರ್ಟ್ಸ್ ಕೂಡಿಸಿದರೆ ಸೀಸಿಯಂನ ಸಂಖ್ಯೆ. ಸ್ಫಟಿಕಕ್ಕೆ ವಯಸ್ಸಾದಂತೆ ಅದರ ಮಿಡಿತ ಸರಿಯುತ್ತದೆ. 5 ಮೆಗಾಹರ್ಟ್ಸ್‌ನಲ್ಲಿ ಅರ್ಧ ಹರ್ಟ್ಸ್ ಆಸುಪಾಸು ಸರಿದರೂ ಸಾಕು, ಮೈಕ್ರೋವೇವ್‌ನಲ್ಲಿ ಅದು ಒಂಬೈನೂರು ಹರ್ಟ್ಸ್ ದಾಟುತ್ತದೆ. ಅನುರಣನದ ನಡುಶಿಖರ ಅಷ್ಟು ಅಗಲವಿಲ್ಲ. ಟ್ಯೂಬು ಸರಿಯಾಗಿಯೇ ಇರುತ್ತದೆ, ಅದರ ಬಾಗಿಲು ತಟ್ಟುವ ಆವರ್ತನ ತಪ್ಪಿರುತ್ತದೆ. ಪರೀಕ್ಷೆ ಸರಳ. ತಿದ್ದುವ ಲೂಪನ್ನು ಬಿಚ್ಚಿ, ಸ್ಫಟಿಕದ ಆವರ್ತನವನ್ನು ಕೈಯಿಂದ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ ಬೀಮ್ ಕರೆಂಟನ್ನು ನೋಡಬೇಕು. ಎಲ್ಲೋ ಒಂದು ಕಡೆ ಮುಳ್ಳು ಏರಿ, ಇಳಿದು, ಮತ್ತೆ ಎತ್ತರಕ್ಕೆ ಏರಿ ಇಳಿದರೆ ಟ್ಯೂಬ್ ಜೀವಂತ. ಎಷ್ಟೇ ಗಿಡ್ಡವಾಗಿರಲಿ, ಅಂಥ ಶಿಖರಗಳನ್ನು ಸೀಸಿಯಂ ಇಲ್ಲದ ಟ್ಯೂಬ್ ತೋರಿಸಲಾರದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಟ್ಯೂಬುಗಳಿಗೆ ಆಯುಷ್ಯವಿದೆ, ಸಂಸ್ಥೆಗಳು ಮಾರಿದ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ತೀರಿರುತ್ತದೆ, ಹಾಗಿರುವಾಗ ಮೊದಲು ಅದನ್ನೇ ಅನುಮಾನಿಸುವುದು ವಿವೇಕವಲ್ಲವೇ? ಟ್ಯೂಬು ಸವೆಯುತ್ತದೆ, ನಿಜ. ಆದರೆ ಸವೆದ ಟ್ಯೂಬಿಗೆ ತನ್ನದೇ ಲಕ್ಷಣವಿದೆ: ಶಿಖರ ಇರುತ್ತದೆ, ಗದ್ದಲ ಅದನ್ನು ಮುಚ್ಚಿರುತ್ತದೆ. ಮಲ್ಟಿಪ್ಲಯರಿನ ವೋಲ್ಟೇಜ್ ಏರಿಸಿದಾಗ ಶಿಖರವೂ ಗದ್ದಲವೂ ಒಟ್ಟಿಗೆ ಏರಿದರೆ, ಕೊರತೆಯಿರುವುದು ಪರಮಾಣುಗಳಲ್ಲಿ ಎಂದು ಒಪ್ಪಬಹುದು. ಕರ್ಕಶ ರೇಡಿಯೋದ ದನಿ ಹೆಚ್ಚಿಸಿದರೆ ಹಾಡಿನೊಡನೆ ಕರಕರವೂ ಹೆಚ್ಚುವಂತೆ ಅದು. ಈ ಅಳತೆಗೆ ಕೈಹಾಕುವ ಮೊದಲು ಉಳಿದ ಭಾಗಗಳು ಸರಿಯಿವೆಯೆಂದು ಗೊತ್ತಾಗಿರಬೇಕು. ಸಂಭವ ಹೆಚ್ಚೆಂದ ಮಾತ್ರಕ್ಕೆ ಆರೋಪ ಸಾಬೀತಾದಂತೆ ಆಗುವುದಿಲ್ಲ.

ದುರಸ್ತಿಯಾಯಿತು, ಹಸಿರು ದೀಪ ಹೊತ್ತಿತು ಎಂಬಲ್ಲಿಗೂ ಕೆಲಸ ಮುಗಿಯುವುದಿಲ್ಲ. ಯಂತ್ರ ಮೈಕ್ರೋವೇವನ್ನು 137 ಹರ್ಟ್ಸ್‌ನಲ್ಲಿ ಅತ್ತಿತ್ತ ತೂಗುತ್ತದೆ. ಸರಿಯಾಗಿ ಶಿಖರದ ತುದಿಯಲ್ಲಿದ್ದಾಗ ಬೀಮ್ ಕರೆಂಟಿನಲ್ಲಿ ಅದರ ಇಮ್ಮಡಿ, 274 ಹರ್ಟ್ಸ್, ಕಾಣುತ್ತದೆ. ತುದಿಯಿಂದ ಜಾರಿದರೆ 137 ಕಾಣಿಸಿಕೊಂಡು ಯಾವ ಕಡೆಗೆ ಜಾರಿದೆಯೆಂದೂ ಹೇಳುತ್ತದೆ. ದೀಪ ಸಾರುವುದು ಲೂಪ್ ಕೂಡಿದೆ ಎಂಬುದನ್ನಷ್ಟೇ. ಆ ಶಿಖರ ನಡುವಿನದೋ ಪಕ್ಕದ್ದೋ ಅದಕ್ಕೆ ಗೊತ್ತಿಲ್ಲ. ಪಕ್ಕದ ಶಿಖರಕ್ಕೆ ಬೀಗ ಬಿದ್ದರೆ ದಿನಕ್ಕೆ ಹಲವು ಮಿಲಿಸೆಕೆಂಡು ತಪ್ಪುತ್ತದೆ, ಪರಮಾಣು ಗಡಿಯಾರಕ್ಕೆ ಅದು ಅಗಾಧ ತಪ್ಪು. ನಡುವಿನದೇ ಸಿಕ್ಕಿದರೂ ಟ್ಯೂಬಿನೊಳಗಿನ ಸಣ್ಣ ಕಾಂತಕ್ಷೇತ್ರವನ್ನು ಸರಿಪಡಿಸಬೇಕು. ಸಾಮಾನ್ಯ ಟ್ಯೂಬಿಗೆ 42.82 ಕಿಲೋಹರ್ಟ್ಸ್‌ನ ಸಂಕೇತ ಕೊಟ್ಟು, ಕರೆಂಟು ಬದಲಾಗುವ ಬಿಂದು ಅಲ್ಲೇ ಬೀಳುವಂತೆ ಹೊಂದಿಸುವುದು ಅದರ ವಿಧಾನ.

ಎರಡನೆಯ ಆಕ್ಷೇಪ ಇನ್ನೂ ಬಿರುಸಿನದು: ಕೆಲವು ಸಾವಿರ ರೂಪಾಯಿಯ ಜಿಪಿಎಸ್ ಗ್ರಾಹಕ ದೀರ್ಘಕಾಲದಲ್ಲಿ ಈ ಭಾರದ ಪೆಟ್ಟಿಗೆಗಿಂತ ಕರಾರುವಾಕ್ಕಾದ ಸಮಯ ಕೊಡುವಾಗ ಇದೆಲ್ಲ ಯಾಕೆ? ಜಿಪಿಎಸ್ ಕೊಡುವುದು ಬೇರೆಯವರ ಗಡಿಯಾರಗಳ ವರದಿ. ಸೀಸಿಯಂ ಪೆಟ್ಟಿಗೆಯೊಳಗೆ ಸೆಕೆಂಡಿನ ವ್ಯಾಖ್ಯೆಯೇ ಇದೆ, ಯಾರ ಸಂಕೇತವೂ ಅದಕ್ಕೆ ಬೇಡ. 2005ರಲ್ಲಿ ಅಮೆರಿಕದ ಹವ್ಯಾಸಿಯೊಬ್ಬರು ಮನೆಯ ಸೀಸಿಯಂ ಗಡಿಯಾರಗಳನ್ನು ಕುಟುಂಬದೊಡನೆ ಕಾರಿನಲ್ಲಿ ರೈನಿಯರ್ ಪರ್ವತಕ್ಕೆ ಒಯ್ದು ಎರಡು ದಿನ ಇಟ್ಟರು. ಎತ್ತರದಲ್ಲಿ ಕಾಲ ಚುರುಕಾಗಿ ಓಡಿದ್ದರಿಂದ ಅವು ಸುಮಾರು 22 ನ್ಯಾನೋಸೆಕೆಂಡು ಮುಂದೆ ಹೋಗಿದ್ದವು. ಜಿಪಿಎಸ್ ಗ್ರಾಹಕವನ್ನು ಬೆಟ್ಟ ಹತ್ತಿಸಿದರೆ ಅದು ವ್ಯವಸ್ಥೆಯ ಸಮಯವನ್ನೇ ಹೇಳುತ್ತಿರುತ್ತದೆ, ಬೆಟ್ಟದ ಮೇಲಿನ ಕಾಲವನ್ನಲ್ಲ. ಆದರೂ ಜಿಪಿಎಸ್ ಬೇಕು, ಸಾಕ್ಷಿಯಾಗಿ. 5061ಎಯ ಘೋಷಿತ ನಿಖರತೆ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು, ಅಂದರೆ ದಿನಕ್ಕೆ 864 ನ್ಯಾನೋಸೆಕೆಂಡು. ಎರಡೂ ಯಂತ್ರಗಳ ಸೆಕೆಂಡು ಮಿಡಿತಗಳ ಅಂತರವನ್ನು ದಿನಗಟ್ಟಲೆ ಬರೆದಿಟ್ಟರೆ, ಜಿಪಿಎಸ್‌ನ ಕ್ಷಣಕ್ಷಣದ ನಡುಕ ಸರಾಸರಿಯಲ್ಲಿ ಕರಗಿ ಸೀಸಿಯಂನ ನಿಜವಾದ ಒಲವು ಗೆರೆಯಾಗಿ ಮೂಡುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ ಇಸ್ರೋದ ನಾವಿಕ್ ವ್ಯವಸ್ಥೆಗೆ ಸಮಯ ಕಾಯುವವರೂ ಒಂದೇ ಗಡಿಯಾರವನ್ನು ನಂಬಿ ಕೂತಿಲ್ಲ. ಸೀಸಿಯಂ ಗಡಿಯಾರಗಳನ್ನೂ ಹೈಡ್ರೋಜನ್ ಮೇಸರುಗಳನ್ನೂ ಒಂದರ ಎದುರು ಒಂದನ್ನು ನಿಲ್ಲಿಸಿಯೇ ಅಳೆಯುತ್ತಾರೆ.

ಇಷ್ಟೆಲ್ಲ ಮಾಡಿ ಯಂತ್ರ ಸರಿಯಾಯಿತೆಂದಿಟ್ಟುಕೊಳ್ಳಿ. ಅದನ್ನು ವರ್ಷವಿಡೀ ನಡೆಸಿ ಉಳಿದ ಸೀಸಿಯಂ ಖರ್ಚು ಮಾಡಬೇಕಾಗಿಲ್ಲ. ಅಳತೆ ಇಲ್ಲದ ದಿನಗಳಲ್ಲಿ ಒಲೆ ಆರಿಸಿ ಅಯಾನ್ ಪಂಪಿಗೆ ಮಾತ್ರ ವಿದ್ಯುತ್ ಇರಲಿ. ಅದೂ ಆಗದಿದ್ದರೆ ಕೆಲವು ತಿಂಗಳಿಗೊಮ್ಮೆ ಪಂಪನ್ನು ನಡೆಸಿ, ಅದರ ಪ್ರವಾಹವನ್ನು ದಿನಾಂಕದೊಡನೆ ಯಂತ್ರದ ಜೊತೆಗಿನ ಪುಸ್ತಕದಲ್ಲಿ ಬರೆದಿಡಿ. ನಾಳೆ ಅದನ್ನು ಕೊಳ್ಳುವವರಿಗೆ ಟ್ಯೂಬಿನ ಸ್ಥಿತಿ ಹೇಳಲು ಆ ಪುಟಕ್ಕಿಂತ ಒಳ್ಳೆಯ ದಾಖಲೆ ಬೇರೆ ಸಿಗದು.